ಎಡೆಗೆ ಕೆತ್ತಿದ ಕೊಬ್ಬರಿ

ಮದ್ದೂರಿನ ಗೋದಮ್ಮನವರ ಕೈ ಕೊಬ್ಬರಿ ಕೆತ್ತನೆಗೆ ಹೆಸರಾಗಿತ್ತು. ನೆಂಟರ ಯಾವ ಮದುವೆಯಾದರೂ ತಟ್ಟೆಯಲ್ಲಿ ಅವರು ಕೆತ್ತಿದ ಕೊಬ್ಬರಿ ಗಿಟುಕುಗಳಿರುತ್ತಿದ್ದವು. ಒಂದರಲ್ಲಿ ಗಿಣಿ, ಒಂದರಲ್ಲಿ ಬಳ್ಳಿ. ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅತ್ತು ಮುಗಿದಿತ್ತೋ, ಅಳು ಬಂದೇ ಇರಲಿಲ್ಲವೋ, ಅವರಿಗೇ ತಿಳಿಯದು. ಬೆಳಗ್ಗೆ ಸ್ನಾನ, ಪೆರುಮಾಳ್ ದೇವರ ಮುಂದೆ ದೀಪ, ಒಂದು ಹೊತ್ತು ಊಟ. ದಿನ ಕಳೆಯುತ್ತಿತ್ತು.

ಮಂಡ್ಯದಲ್ಲಿ ಮೇಷ್ಟರಾಗಿದ್ದ ಮೈದುನನ ಮಗ ಸಂಪತ್ ಕುಮಾರ ಒಂದು ಭಾನುವಾರ ಬಂದ.

"ದೊಡ್ಡಮ್ಮ, ಸಕ್ಕರೆ ಕಾರ್ಖಾನೆ ಬಂದಮೇಲೆ ಮಂಡ್ಯದ ತುಂಬ ನೌಕರಿಯವರು. ಮದುವೆಗೆ ಕೊಬ್ಬರಿ ಕೆತ್ತೋರು ಸಿಕ್ಕಲ್ಲ. ನೀವು ಕೆತ್ತಿ, ನಾನು ಮಾರ್ತೀನಿ. ನಿಮ್ಮ ಜೀವನ ನಡೆಯುತ್ತೆ."

"ಮದುವೆಗೆ ನನ್ನ ಕೈಯದನ್ನ ಯಾರು ತಗೋತಾರಪ್ಪ?"

"ನಿಮ್ಮದು ಅಂತ ಯಾಕೆ ಹೇಳಬೇಕು? ನನ್ನ ಹೆಂಡತಿ ಶ್ರೀಮತಿ ಕೆತ್ತಿದ್ದು ಅಂದರಾಯಿತು."

"ಅವಳಿಗೆ ಸೌತೆಕಾಯಿ ಹೆಚ್ಚೋಕೂ ನೆಟ್ಟಗೆ ಬರಲ್ಲ."

ಅವನು ನಕ್ಕ. ಮುಂದಿನ ವಾರ ಕೊಬ್ಬರಿ ತರುತ್ತೇನೆಂದು ಹೇಳಿ ಹೋದ.

ಮನೆಯಲ್ಲಿದ್ದ ಒಂದು ಗಿಟುಕಿನಲ್ಲಿ ಗೋದಮ್ಮನವರು ಗಿಣಿ ಕೆತ್ತಿ ನೋಡಿದರು. ಕೈ ಮರೆತಿರಲಿಲ್ಲ. ಆದರೆ ಗಂಡನಿಲ್ಲದವಳ ಕೈಯದೆಂದು ತಿಳಿದರೆ ಬೇಡವೆನ್ನುವುದನ್ನು ತಿಳಿಯದ ಹಾಗೆ ಮದುವೆ ಹೆಣ್ಣಿನ ತಾಯಿಗೆ ಕೊಡುವುದು ಹೇಗೆ? ಮಣಿಯ ತೋರಣ ಮಾಡಲು ಬರುತ್ತಿತ್ತು. ಅದೂ ಮದುವೆ ಮನೆಯ ಬಾಗಿಲಿಗೇ. ಕಲಿತದ್ದೆಲ್ಲ ಶುಭಕ್ಕೇ ಕಲಿತದ್ದು.

ಬುಧವಾರ ಸೊಪ್ಪು ತಂದ ಬೆಸಗರಹಳ್ಳಿಯ ಸಣ್ಣತಾಯಮ್ಮ ಗಿಣಿಯ ಗಿಟುಕನ್ನು ಕಂಡಳು.

"ಏನ್ರವ್ವಾ ಇದು, ಕೊಬ್ರಿ ಒಳಗೆ ಗಿಣಿ ಕುಂತದೆ. ತಿನ್ನಾಕೋ, ನೋಡಾಕೋ?"

"ಮದುವೆಗೆ ಇಡೋದು."

ಸಣ್ಣತಾಯಮ್ಮ ಸೊಪ್ಪಿನ ಕುಕ್ಕೆ ಇಳಿಸಿ ಕೂತಳು. "ನಮ್ ಮಗೀಗೆ ಮದ್ವೆ ಆಗ್ನಿಲ್ಲ. ಓದೊರ್ಸ ಜರ ಬಂದು ಓಯ್ತು. ಮಾರ್ನಮಿ ಅಮಾಸೆಗೆ ಅದ್ಕೆ ಎಡೆ ಇಕ್ತೀನಿ. ಇಂತದೊಂದು ಮಾಡ್ಕೊಡ್ರವ್ವ, ಇಕ್ತೀನಿ."

"ನನ್ನ ಕೈಯದು ಆಗುತ್ತೇನಮ್ಮ?"

"ಸತ್ತೋರ್ಗೆ ಯಾವ ಕೈಯಾದ್ರೇನು. ನನ್ ಕೈ ನೋಡಿ, ಬಳೆ ಅದಾವಾ?"

ಗೋದಮ್ಮನವರು ಅವಳ ಕೈ ನೋಡಿದರು. ಅಷ್ಟು ವರ್ಷ ಸೊಪ್ಪು ಕೊಂಡಿದ್ದರೂ ನೋಡಿರಲಿಲ್ಲ.

"ಮಗುವಿಗೆ ಏನು ಇಷ್ಟ?"

"ಕುರಿಮರಿ. ತನ್ಗೊಂದು, ಕುರೀಗೊಂದು ಅಂತ ಮುದ್ದೆ ಇಕ್ಬೇಕಾಗಿತ್ತು."

ಭಾನುವಾರ ಸಂಪತ್ ಕುಮಾರ ಕೊಬ್ಬರಿ ಚೀಲ ತಂದಿಟ್ಟ. ಗೋದಮ್ಮನವರು ಕುರಿಮರಿ ಕೆತ್ತಿದ ಗಿಟುಕನ್ನು ಅವನ ಮುಂದಿಟ್ಟರು.

"ಮದುವೆಯದು ಬೇಡಪ್ಪ. ಎಡೆಗೆ ಕೆತ್ತಿಕೊಡ್ತೀನಿ. ಹೋದವರಿಗೆ ಏನು ಇಷ್ಟವಿತ್ತು ಅಂತ ಮನೆಯವರನ್ನ ಕೇಳಿಕೊಂಡು ಬಾ. ಗೋದಮ್ಮ ಕೆತ್ತೋದು ಅಂತಲೇ ಹೇಳು."

"ಇದನ್ನ ಯಾರು ಕೊಳ್ತಾರೆ ದೊಡ್ಡಮ್ಮ?"

"ಇದು ಸೊಪ್ಪಿನ ಸಣ್ಣತಾಯಮ್ಮನದು. ನಾಳೆ ಬರ್ತಾಳೆ."

ಅವನು ಕುರಿಮರಿಯ ಗಿಟುಕನ್ನು ಕೈಗೆತ್ತಿ ನೋಡಿದ. ಚೀಲವನ್ನು ವಾಪಸು ಒಯ್ಯದೆ ಅದರ ಕಟ್ಟು ಬಿಚ್ಚಿದ. ಸಂಕೋಚದಿಂದ, "ದೊಡ್ಡಪ್ಪನಿಗೆ ಏನು ಕೆತ್ತುತ್ತೀರಿ?" ಎಂದು ಕೇಳಿದ.

ಗೋದಮ್ಮನವರು ಚೀಲದಿಂದ ಒಂದು ಗಿಟುಕನ್ನು ಕೈಗೆತ್ತಿಕೊಂಡರು. ಮೂವತ್ತೆಂಟು ವರ್ಷ ಜೊತೆಗಿದ್ದವರು ತಮಗೆ ಇಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಿದ್ದು ನೆನಪಾಗಲಿಲ್ಲ.

"ಗೊತ್ತಿಲ್ಲಪ್ಪ," ಎಂದರು.