ಆರೋ ತನಕ

ಮೊಣಕೈಯಿಂದ ಬಾಗಿಲು ತಳ್ಳಿ ಒಳಗೆ ಬಂದ ಅಕ್ಕ ಚಪ್ಪಲಿ ಬಿಡುವ ಮುಂಚೆಯೇ ಬೈಗುಳ ಶುರು ಮಾಡಿದ್ದಳು.

"ಊರ ಬೀಗವೆಲ್ಲ ರಿಪೇರಿ ಮಾಡೋನ ಮನೆಗೆ ಬೀಗ ಇಲ್ಲ. ಕಳ್ಳ ಬಂದರೆ ಅವನಿಗೂ ತಟ್ಟೇಲಿ ಸೇಬು ಹಾಕಿ ಕೊಡ್ತೀಯೇನೋ ಚಿಕ್ಕಾ?"

ಮನೆಯ ತುಂಬ ಚಕ್ಕೆಪುಡಿಯ ಘಮ. ಸ್ವಲ್ಪ ಹೊತ್ತಿನ ಮುಂಚೆ ತಮ್ಮನೇ ಫೋನು ಮಾಡಿ, "ಸೇಬು ಹಾಕಿದ್ದೀನಿ ಕಣೇ, ಬಾ" ಎಂದಿದ್ದ. ಈಗ ಅಡುಗೆಮನೆಯ ಕಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ಗಲ್ಲ ಎದೆಗೆ ತಾಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕಟ್ಟೆಯ ಮೇಲೆ ಏರ್ ಫ್ರೈಯರ್ ಗುಂಯ್ ಎನ್ನುತ್ತಿತ್ತು.

"ಕರೆದವನು ನೀನು, ತೂಕಡಿಸೋನೂ ನೀನೇ" ಎಂದು ಅಕ್ಕ ಎದುರಿನ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ದಾರಿಯಲ್ಲಿ ಸಿಕ್ಕವರ ಸುದ್ದಿ ಹೇಳಿದಳು. ತನ್ನ ಹೊಲಿಗೆ ಯಂತ್ರ ಮತ್ತೆ ನೂಲು ನುಂಗುತ್ತಿದೆ, ಬಂದು ನೋಡು ಎಂದಳು.

ಟಿಂಗ್.

ಆ ಸದ್ದಿಗೆ ಅವನು ನಿದ್ದೆಯಲ್ಲಿದ್ದರೂ ಎದ್ದು ಓಡುತ್ತಿದ್ದ. ಓಡಲಿಲ್ಲ.

"ಏಳೋ, ನಿನ್ನ ಕೂಸು ಅಳ್ತಾ ಇದೆ" ಎಂದಳು ಅಕ್ಕ, ನಗುತ್ತಲೇ. ಆಮೇಲೆ ಅವನ ಭುಜ ಮುಟ್ಟಿದಳು. ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಅವಳ ನಗು ಮಾತ್ರ ಮುಖದ ಮೇಲೆಯೇ ಉಳಿದಿತ್ತು. ಅದನ್ನು ಇಳಿಸಬೇಕೆಂದು ಅವಳಿಗೆ ತೋಚಲೇ ಇಲ್ಲ.

*

ಮರುದಿನ ಅವನನ್ನು ಹಜಾರದಲ್ಲಿ ಮಲಗಿಸಿದ್ದರು. ಮಧ್ಯಾಹ್ನ ಸ್ಮಶಾನದ ಗಾಡಿ ಬರುವುದಿತ್ತು. ಅಕ್ಕ ತಮ್ಮನ ತಲೆಯ ಬಳಿ ಕೂತಿದ್ದಳು. ಯಾರು ಬಂದರೂ, ಯಾರು ಅತ್ತರೂ, ಅವಳ ಕಣ್ಣು ಮಾತ್ರ ಒಣಗಿಯೇ ಇತ್ತು. 'ಸಾಲು ತಪ್ಪಿಸಿ ಹೋದನಲ್ಲ' ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ದೊಡ್ಡವಳು ತಾನು. ಮೊದಲು ಹೋಗಬೇಕಾದವಳು ತಾನು.

"ಮೊನ್ನೆ ನಮ್ಮತ್ತೆ ಬಚ್ಚಲಲ್ಲಿ ಸಿಕ್ಕಿಕೊಂಡಿದ್ರು" ಎಂದು ಪಕ್ಕದ ಮನೆಯಾಕೆ ಹೇಳುತ್ತಿದ್ದಳು. "ಇವರೇ ಬಂದು ಹೊರಗಿಂದ ನಗಿಸ್ತಾ ನಗಿಸ್ತಾನೇ ಚಿಲಕ ತೆಗೆದರು. ಬಾಗಿಲಿಗೆ ಒಂದು ಗೀರು ಬೀಳಲಿಲ್ಲ. ಗುಂಡುಕಲ್ಲಿನ ಹಾಗಿದ್ದರಲ್ಲ!"

"ನಿನ್ನೆ ಬೆಳಗ್ಗೆ ನನ್ನ ಜೊತೆ ಟೀ ಕುಡಿದ" ಎಂದ ಗಡಿಯಾರದವನು. ಒಂದೇ ಅಂಗಡಿಯ ಅರ್ಧದಲ್ಲಿ ಅವನು ಗಡಿಯಾರ ರಿಪೇರಿ ಮಾಡುತ್ತಿದ್ದ, ಇನ್ನರ್ಧದಲ್ಲಿ ತಮ್ಮ ಕೀಲಿ ಕಡೆಯುತ್ತಿದ್ದ. "ಕನ್ನಡಕ ಒರೆಸೋ ಬಟ್ಟೆ ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದಾನೆ. ಹೋಗೋ ಮನುಷ್ಯ ಯಾರಾದರೂ ಹೀಗೆ ಹೋಗ್ತಾನಾ?"

ಒಳಕೋಣೆಯಿಂದ ತಮ್ಮನ ಮಗಳು ಬಂದು ಅಕ್ಕನ ಪಕ್ಕ ಕುಕ್ಕರಿಸಿದಳು. ಕಣ್ಣು ಕೆಂಪಾಗಿದ್ದವು.

"ಅತ್ತೆ, ಎಲ್ಲೂ ಇಲ್ಲ. ಅಂಗಿ ಜೇಬು, ಹಾಸಿಗೆ ಕೆಳಗೆ, ಅಂಗಡಿ, ಎಲ್ಲಾ ನೋಡಿದ್ವಿ. ಆ ಕೀಲಿ ಗೊಂಚಲೇ ಇಲ್ಲ."

ಟ್ರಂಕಿನ ಕೀಲಿ ಆ ಗೊಂಚಲಿನಲ್ಲಿತ್ತು. ಇಡೀ ಮನೆಯಲ್ಲಿ ಬೀಗ ಬಿದ್ದಿದ್ದುದು ಆ ಟ್ರಂಕಿಗೆ ಒಂದಕ್ಕೇ. ಹೆಂಡತಿ ತೀರಿಕೊಂಡ ವರ್ಷ ತಮ್ಮ ತಾನೇ ಕೂತು ಆ ಬೀಗ ಮಾಡಿದ್ದ; ಒಳಗೆ ಅವಳ ನೀಲಿ ಶಾಲು ಇಟ್ಟಿದ್ದ. "ನನ್ನನ್ನ ಕಳಿಸುವಾಗ ಅದನ್ನ ಹೊದಿಸಿ ಕಳಿಸೇ ಅಕ್ಕ. ಅವಳಿಗೆ ಗುರುತು ಸಿಗಬೇಕಲ್ಲ" ಎಂದಿದ್ದ. "ಮೊದಲು ಹೋಗೋಳು ನಾನು. ಬೇರೆ ಯಾರಿಗಾದರೂ ಹೇಳಿಕೋ" ಎಂದು ಅವಳು ಗದರಿದ್ದಳು. ಆದರೂ ದೇವರ ಮುಂದೆ ಕೂತಾಗ ಮನಸ್ಸಿನಲ್ಲೇ 'ಆಯಿತು' ಎಂದು ಮಾತು ಕೊಟ್ಟಿದ್ದಳು.

ಗಡಿಯಾರದವನು ತನ್ನ ಸಣ್ಣ ಮೊಳೆ, ಚಿಮುಟ ಎಲ್ಲ ಹಾಕಿ ನೋಡಿ ಬಂದ. "ಅಕ್ಕಾವ್ರೇ, ನನ್ನ ಕೈಲಾಗಲ್ಲ. ಅವನ ಬೀಗ ಅವನ ಹಾಗೇ. ನಗ್ತಾ ಇರುತ್ತೆ, ಬಾಯಿ ಬಿಡಲ್ಲ."

"ಸುತ್ತಿಗೆ ತಗೊಳ್ಳೋಣ" ಎಂದಳು ಮಗಳು. "ಗಾಡಿ ಬಂದುಬಿಡುತ್ತೆ ಅತ್ತೆ."

"ಬೇಡ."

"ಅಪ್ಪನ ಆಸೆ ಅದು!"

"ನಿಮ್ಮಪ್ಪ ಜೀವಮಾನವೆಲ್ಲ ಒಂದು ಬೀಗ ಒಡೆದವನಲ್ಲ" ಎಂದಳು ಅಕ್ಕ. ಧ್ವನಿ ಅವಳದೇ ಅನ್ನಿಸಲಿಲ್ಲ. "ಸುಟ್ಟ ಅಂಗಡಿಯ ಬೀಗವನ್ನೂ ಕೂತು ಬಿಡಿಸಿದ. ಅವನು ಇಲ್ಲಿ ಮಲಗಿರೋವಾಗ, ಪಕ್ಕದ ಕೋಣೇಲಿ ಅವನ ಬೀಗಕ್ಕೆ ಸುತ್ತಿಗೆ ಏಟು ಬೀಳಬೇಕಾ? ಆ ಸದ್ದು ಕೇಳ್ಕೊಂಡು ಹೋಗಬೇಕಾ ಅವನು?"

ಮಗಳು ಅಡುಗೆಮನೆಗೆ ಎದ್ದು ಹೋದಳು.

*

ಏರ್ ಫ್ರೈಯರ್ ಮಗಳು ಕೊಡಿಸಿದ್ದೇ. ಕರಿದದ್ದು ಮುಟ್ಟಬಾರದು ಎಂದು ಡಾಕ್ಟರು ಹೇಳಿದ ಮೇಲೆ ತಂದಿಟ್ಟು ಹೋಗಿದ್ದಳು. ತಮ್ಮ ಮೊದಲು ಅದನ್ನು ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ, ಮತ್ತೆ ಜೋಡಿಸಿದ. ಆಮೇಲೇ ಸೇಬು ತಂದ.

ಕೀಲಿ ಕಡೆಯುವ ಕೈ. ಸೇಬಿನ ಹೋಳುಗಳೆಲ್ಲ ಒಂದೇ ದಪ್ಪ, ಬೆಳಕಿಗೆ ಹಿಡಿದರೆ ಆಚೆ ಬೆರಳು ಕಾಣುವಷ್ಟು ತೆಳು. ಮೇಲೆ ಚಕ್ಕೆಪುಡಿ ಉದುರಿಸಿ, ಬುಟ್ಟಿಯಲ್ಲಿ ಹರಡಿ ಗುಂಡಿ ಒತ್ತಿದ. ಒಳಗಿನ ಗಾಳಿಗೆ ಹೋಳುಗಳು ಒಣಗಿದೆಲೆಯ ಹಾಗೆ ಹಾರಿ ಕಾದ ಸುರುಳಿಗೆ ಅಂಟಿಕೊಂಡವು. ಮನೆಯೆಲ್ಲ ಕರಕಲು ಹೊಗೆ.

"ನಿನ್ನ ಸೇಬಿಗೆ ರೆಕ್ಕೆ ಬಂದಿದೆ ಕಣೋ" ಎಂದು ಅಕ್ಕ ಕೆಮ್ಮುತ್ತಾ ನಕ್ಕಿದ್ದಳು.

"ಬೀಗಕ್ಕೆ ಸೋಲದವನು ಸೇಬಿಗೆ ಸೋಲ್ತೀನಾ? ನೋಡ್ತಿರು."

ಮುಂದಿನ ವಾರದಿಂದ ಹೋಳುಗಳು ಹಾರಲಿಲ್ಲ. ಅದು ಹೇಗೆ ಎಂದು ಕೇಳಿದರೆ, "ಕಸುಬಿನ ಗುಟ್ಟು" ಎಂದು ಹುಬ್ಬು ಕುಣಿಸುತ್ತಿದ್ದ. ಒಂದೊಂದು ಹೋಳಿನ ನಡುವೆ ಬಿಳಿಚಿದ ಕಲೆ ಇರುತ್ತಿತ್ತು. "ಇದೇನೋ, ಹಣ್ಣಿಗೆ ತೊನ್ನು?" ಎಂದು ಅವಳು ಕೇಳಿದಾಗ ಹೊಟ್ಟೆ ಹಿಡಿದು ನಕ್ಕಿದ್ದ.

ಅವಳಿಗೋ ತಾಳ್ಮೆ ಕಡಿಮೆ. ಅವನು ಬೆನ್ನು ತಿರುಗಿಸಿ ನಿಂತು ಬುಟ್ಟಿ ತೆಗೆದು, ಹೋಳುಗಳನ್ನು ತಟ್ಟೆಗೆ ಹಾಕಿ ತಂದ ಕೂಡಲೇ ಕೈ ಸುಟ್ಟುಕೊಂಡು ಬಾಯಿಗೆ ಹಾಕಿಕೊಳ್ಳುವಳು. "ಥೂ, ಮೆತ್ತಗಿದೆ. ಗರಿಗರಿ ಅಂತ ಬಡಾಯಿ ಕೊಚ್ಚಿಕೊಂಡೆ!"

"ಬೇಯೋ ತನಕ ಇದ್ದವಳಿಗೆ ಆರೋ ತನಕ ಇರೋಕಾಗಲ್ವೇನೇ? ಬಿಸೀಲಿ ಇದು ಮೆತ್ತಗೇ ಇರುತ್ತೆ. ಆರಿದ ಮೇಲೆ ನೋಡು."

ಅವಳು ಒಂದು ಸಲವೂ ಆರಲು ಬಿಟ್ಟಿರಲಿಲ್ಲ. ಪ್ರತಿ ವಾರ ಅದೇ ಬೈಗುಳ, ಅದೇ ಗಾದೆ. ಅದಕ್ಕೇ ಬರುತ್ತಿದ್ದಳೇನೋ.

*

ಬೀದಿಯ ತಿರುವಿನಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಜನ ಎದ್ದು ನಿಂತರು. ಯಾರೋ ತಂದ ದೊಡ್ಡ ಫ್ಲಾಸ್ಕ್ ಇಡಲು ಜಾಗ ಸಾಲದೆ ಮಗಳು ಅಡುಗೆಮನೆಯ ಕಟ್ಟೆಯಿಂದ ಏರ್ ಫ್ರೈಯರನ್ನು ಎತ್ತಿದಳು.

ಗಲ್ ಎಂದಿತು ಒಳಗೆ.

ಅಕ್ಕ ತಲೆಯೆತ್ತಿದಳು. ಮೆಟ್ಟಿಲಲ್ಲಿ ಅವನು ಬರುತ್ತಿದ್ದಾನೆ ಎಂದು ಅವಳಿಗೆ ಯಾವತ್ತೂ ಹೇಳುತ್ತಿದ್ದ ಸದ್ದು ಅದು, ಸೊಂಟದ ಗೊಂಚಲಿನ ಸದ್ದು. ಒಂದು ಕ್ಷಣ ಅವಳು ಬಾಗಿಲಿನ ಕಡೆಗೇ ನೋಡಿದಳು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದಳು.

"ಇಳಿಸು. ಕೆಳಗೆ ಇಳಿಸೇ ಅದನ್ನ."

ಬುಟ್ಟಿಯ ಹಿಡಿ ಎಳೆದಳು. ನಿನ್ನೆಯ ಹೋಳುಗಳು ಅಂಚು ಮುದುರಿಕೊಂಡು ಕೆಂಪಗೆ ಒಣಗಿದ್ದವು. ಮೇಲೆ, ತಿಕ್ಕಿ ತೊಳೆದ ಕೀಲಿಗಳ ಗೊಂಚಲು. ಹಾರದಿರಲಿ ಎಂದು ಕೀಲಿಗಳನ್ನು ಅಗಲಿಸಿ ಹೊದಿಸಿದ್ದ.

"ಅಯ್ಯೋ ಅಪ್ಪಾ" ಎಂದು ಮಗಳು ಬಾಯಿಗೆ ಕೈ ಹಿಡಿದಳು. "ತೂಕಕ್ಕೆ ಇದನ್ನಿಡ್ತಿದ್ರಾ?"

ಅಕ್ಕ ಗೊಂಚಲು ಎತ್ತಿದಳು. ಅದರಡಿಯ ಹೋಳಿನ ಮೇಲೆ ಟ್ರಂಕಿನ ಕೀಲಿಯ ಗುರುತು ಬಿಳಿಚಿಕೊಂಡು ಮೂಡಿತ್ತು, ತಲೆಯ ಉಂಗುರದಿಂದ ಹಲ್ಲುಗಳ ತನಕ, ಅಚ್ಚೊತ್ತಿದ ಹಾಗೆ.

ಬೀಗ ಒಂದೇ ತಿರುವಿಗೆ ಬಾಯಿ ಬಿಟ್ಟಿತು. ಗಡಿಯಾರದವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮಗಳು ಮತ್ತು ಅಕ್ಕ ನೀಲಿ ಶಾಲನ್ನು ಕೊಡವಿ, ಅವನ ಕಾಲಿನಿಂದ ಎದೆಯ ತನಕ ಹೊದಿಸಿದರು. ಹೊರಗೆ ಗಾಡಿಯ ಹಿಂಬಾಗಿಲು ತೆರೆದ ಸದ್ದಾಯಿತು.

"ಅತ್ತೆ, ಆ ಸೇಬು ಚೆಲ್ಲಿಬಿಡಲಾ?"

"ಮುಟ್ಟಬೇಡ."

ಅಕ್ಕ ಬುಟ್ಟಿಯಿಂದ ಎರಡು ಹೋಳು ತೆಗೆದುಕೊಂಡಳು. ಕೀಲಿಯ ಗುರುತು ಇದ್ದುದನ್ನು ಶಾಲಿನ ಅಡಿಯಲ್ಲಿ, ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಇನ್ನೊಂದನ್ನು ತಾನು ಕಚ್ಚಿದಳು.

ಕರುಂ ಎಂದಿತು. ಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿ ನಿಂತ ಗಾಡಿಯವನೂ ತಿರುಗಿ ನೋಡಿದ. ಅವಳಿಗೆ ಅಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ನಿನ್ನೆಯಿಂದ ಬಾರದ ಕಣ್ಣೀರು ಆಗ ಬಂತು. ಬಾಯಲ್ಲಿ ಆ ಚೂರನ್ನು ಇಟ್ಟುಕೊಂಡೇ ಅವಳು ಕೈ ಜೋಡಿಸಿದಳು.

"ದೇವರೇ, ಯಾರ ಬಾಗಿಲನ್ನೂ ಒಡೆಯದೆ ತೆಗೆದುಕೊಟ್ಟವನು ಬರ್ತಾ ಇದ್ದಾನೆ. ಹೊರಗೆ ನಿಲ್ಲಿಸಬೇಡ. ಅವನ ಜೀವಕ್ಕೆ ಶಾಂತಿ ಕೊಡು ತಂದೆ."