ಕದಲದವರ ಚಿತ್ರ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಫೋಟೋಗಳ ಗುಣಮಟ್ಟಕ್ಕೆ ಅಂಕ ಕೊಡುವುದು ಸಿದ್ದರಾಜುವಿನ ಕೆಲಸ. ಸರ್ಜಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟೊಂದರ ಮುಂದೆ ಕಂಬ ನೆಟ್ಟು ಕೂರಿಸಿದ ಕ್ಯಾಮೆರಾ, ಹಗಲೆಲ್ಲ ಅದೇ ಜಾಗದ ಫೋಟೋ ತೆಗೆದು ಕಳಿಸುತ್ತಿತ್ತು. ದಿನದ ಚಿತ್ರಗಳನ್ನೆಲ್ಲ ಕೂಡಿಸಿ ಒಂದು ಮೂಲಚಿತ್ರ ಮಾಡಿ, ಉಳಿದವುಗಳಲ್ಲಿ ಅದಕ್ಕಿಂತ ಬೇರೆಯಾಗಿದ್ದನ್ನಷ್ಟೇ ಇಟ್ಟುಕೊಂಡರೆ ಕಂಪ್ಯೂಟರಿನಲ್ಲಿ ಜಾಗ ಉಳಿಯುತ್ತದೆ. ತೀರ ಸಣ್ಣ ವ್ಯತ್ಯಾಸಗಳನ್ನು ಬಿಸಾಡಿದರೆ ಇನ್ನೂ ಉಳಿಯುತ್ತದೆ. ಯಾವುದು ತೀರ ಸಣ್ಣದು ಎಂದು ತೀರ್ಮಾನಿಸಿದವನು ಸಿದ್ದರಾಜುವೇ. ಕುಗ್ಗಿಸಿದ ಚಿತ್ರ ಅಸಲನ್ನು ನೂರಕ್ಕೆ ತೊಂಬತ್ತೆಂಟು ಪಾಲು ಹೋಲಿತು. ಇನ್ನು ಅಸಲು ಯಾಕೆ ಎಂದು ಅದನ್ನು ಅಳಿಸಿ, ಆಫೀಸಿನಲ್ಲಿ ಕೇಕ್ ಕತ್ತರಿಸಿದರು.

ಚನ್ನಕ್ಕ ಬಂದದ್ದು ಕೇಕಿನ ಮರುವಾರ. ಆಕೆಯ ತಮ್ಮ ಬಸಲಿಂಗ ಅದೇ ಕಟ್ಟಡದಲ್ಲಿ ಗೋಡೆ ಕಟ್ಟುವವರು ನಿಲ್ಲುವ ಸಾರುವೆಯಿಂದ ಬಿದ್ದು, ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಅಂಥವನು ನಮ್ಮಲ್ಲಿ ಕೆಲಸಕ್ಕೇ ಬಂದಿಲ್ಲ ಎನ್ನುತ್ತಿದ್ದ ಕಂಟ್ರಾಕ್ಟರ್ ನೀಲಪ್ಪ. ಕಂಬದ ಮೇಲಿದ್ದ ಕಂಪನಿಯ ಹೆಸರನ್ನು ಯಾರಿಂದಲೋ ಓದಿಸಿಕೊಂಡು, ಸಿಂಗಸಂದ್ರದ ಬಾಡಿಗೆ ಕೋಣೆಯಿಂದ ಆಕೆ ನಡೆದೇ ಬಂದಿದ್ದಳು.

"ತಲಿಗೆ ಕೆಂಪು ಟವೆಲ್ ಸುತ್ತಿರ್ತಾನ್ರಿ ಸರ್. ನೋಡ್ರಿ, ಸಿಗ್ತಾನ."

ಸಿದ್ದರಾಜು ಅವನು ಬಿದ್ದ ದಿನದ ಚಿತ್ರ ತೆರೆದ. ಮರಳಿನ ಗುಡ್ಡೆ, ನೆರಳಲ್ಲಿ ಮಲಗಿದ ನಾಯಿ, ಕಂಬದ ಬುಡದಲ್ಲೇ ಕೊಡೆ ಹಿಡಿದು ನಿಂತ ನೀಲಪ್ಪ, ಮೀಸೆ ಸಮೇತ. ಸಾರುವೆ ಮಾತ್ರ ಖಾಲಿ. ಕಟ್ಟಡ ತನ್ನಷ್ಟಕ್ಕೆ ತಾನೇ ಏಳುತ್ತಿತ್ತು.

"ಸಾರುವೆ ಮ್ಯಾಲೆ ಯಾರೂ ಇಲ್ಲಲ್ರಿ!"

"ಒಂದೇ ಕಡೆ ಇದ್ದಿದ್ದು ಉಳ್ಕೊಳ್ಳುತ್ತೆ ಅಕ್ಕ. ದೂರದಲ್ಲಿ ಓಡಾಡೋರು ಚಿಕ್ಕದಾಗಿ ಕಾಣ್ತಾರಲ್ಲ... ಅಳಿಸಿ ಹೋಗ್ತಾರೆ."

"ಒಂದೀಟು ನಿಂತಿದ್ರ ಉಳೀತಿದ್ನೇನ್ರಿ?"

"ಹ್ಞೂಂ."

"ನಿಂತ್ರ ಇವನಽ ಬೈತಿದ್ನಲ್ರಿ." ಆಕೆ ನೀಲಪ್ಪನ ಮೀಸೆಯ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ವೇಣಿ ಫೋನ್ ಇಟ್ಟು ಈ ಕಡೆ ತಿರುಗಿದಳು. "ಗುರು, ಸರ್ಜಾಪುರದ ಬಿಲ್ಡರ್ ಕಣೋ. ಅದೇ ದಿನದ ಫೋಟೋ ಬೇಕಂತೆ, ನೂರಕ್ಕೆ ತೊಂಬತ್ತೆಂಟು ಸರಿ ಇದೆ ಅಂತ ಲೆಟರ್ ಸಮೇತ. ಸಾರುವೆ ಮೇಲೆ ಯಾರೂ ಇರಲಿಲ್ಲ ಅಂತ ಲೇಬರ್ ಆಫೀಸಲ್ಲಿ ತೋರಿಸ್ತಾರಂತೆ. ನಮ್ ಕ್ವಾಲಿಟಿಗೆ ಎಂಥಾ ಮರ್ಯಾದೆ ನೋಡು!" ಎಂದವಳಿಗೆ ಆಗ ಚನ್ನಕ್ಕ ಕಂಡಳು.

"ಉಳಿದ ಎರಡರಾಗ ನಮ್ಮ ಬಸಲಿಂಗ ಅದಾನೇನ್ರಿ?" ಎಂದಳು ಚನ್ನಕ್ಕ.

ಸಿದ್ದರಾಜು ಲೇಬರ್ ಆಫೀಸಿಗೆ ಒಂದು ಲೆಟರ್ ಟೈಪ್ ಮಾಡತೊಡಗಿದ: ಈ ಚಿತ್ರದಲ್ಲಿ ಸಾರುವೆಯ ಮೇಲೆ ಯಾರೂ ಕಾಣದಿದ್ದರೆ ಅಲ್ಲಿ ಯಾರೂ ಇರಲಿಲ್ಲವೆಂದು ಅರ್ಥವಲ್ಲ. ಚಿತ್ರ ಕುಗ್ಗಿಸುವಾಗ ಓಡಾಡುವವರು ಅಳಿಸಿಹೋಗಿದ್ದಾರೆ.

"ಕಸ್ಟಮರ್ ಹೋಗ್ತಾರೆ ಕಣೋ," ಎಂದಳು ವೇಣಿ ಮೆಲ್ಲಗೆ.

ಅವನು ಪ್ರಿಂಟ್ ತೆಗೆದು ಚನ್ನಕ್ಕನಿಗೆ ಕೊಟ್ಟು, ಓದಿ ಹೇಳಿದ.

"ಅವ ಇದ್ದ ಅಂತ ಐತೇನ್ರಿ?"

"ಇಲ್ಲ ಅಕ್ಕ. ಇರಲಿಲ್ಲ ಅನ್ನೋಕಾಗಲ್ಲ ಅಂತಿದೆ."

ಆಕೆ ಕಾಗದ ಮಡಚಿದಳು, ಆದರೆ ಏಳಲಿಲ್ಲ. "ಅಳಿಸಿದೋರು ಯಾರಂತ ಬರದೀರೇನ್ರಿ?"

ಸಿದ್ದರಾಜು ಕಾಗದ ವಾಪಸು ಇಸಿದುಕೊಂಡ. ಸಹಿ ಹಾಕೋದು ಮರೆತಿದ್ದೆ ಎಂದ. ಮರೆತಿರಲಿಲ್ಲ. ಅಳಿಸಿದವನ ಹೆಸರು ಬರೆದು ಸಹಿ ಹಾಕಲು ಪೆನ್ನಿಗಾಗಿ ತಡಕಾಡಿದ, ಆ ಆಫೀಸಿನಲ್ಲಿ ಪೆನ್ನು ಹಿಡಿಯುವವರು ಕಡಿಮೆ. ಸ್ವಲ್ಪ ಹೊತ್ತು ನೋಡಿ, ವೇಣಿ ತನ್ನ ಬ್ಯಾಗಿನಿಂದ ಒಂದನ್ನು ತೆಗೆದುಕೊಟ್ಟಳು.