ಸುಟ್ಟಕ್ಕನ ನಾಲ್ಕಿಂಚಿನ ಮೊಳೆ

ಸುಟ್ಟಕ್ಕ ಅಂತ ಅವಳಿಗೆ ಹೆಸರಿಟ್ಟವನು ಅವಳ ಭಾವ, ಅಂದರೆ ಗಂಡನ ಅಣ್ಣ. ಹೆಸರಿಟ್ಟು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಅವಳು ಆ ಹೆಸರನ್ನು ಬಾಯಲ್ಲಿ ಕಲ್ಲಿನ ಹಾಗೆ ಇಟ್ಟುಕೊಂಡಿದ್ದಳು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ನಡೆದದ್ದು ಇಷ್ಟು. ರಸ್ತೆಯ ಆ ಬದಿಗೆ ಭಾವನ ಗ್ಯಾರೇಜು. ಆಗ ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ಅಲ್ಲೊಂದು ಪದ್ಧತಿಯಿತ್ತು: ಯಾರಾದರೂ ಕೆಲಸ ಕೆಡಿಸಿದರೆ ಕೆಟ್ಟ ಸಾಮಾನನ್ನು ಟೀ ಮೇಜಿನ ಮೇಲಿನ ಮೊಳೆಗೆ ನೇತುಹಾಕಿ, ಕೆಳಗೆ ಸೀಮೆಸುಣ್ಣದಲ್ಲಿ ಕೆಡಿಸಿದವರ ಹೆಸರು ಬರೆಯುವುದು. ಒಂದು ವಾರ ಎಲ್ಲರೂ ಆಡಿಕೊಂಡು ನಕ್ಕು ಇಳಿಸಿಬಿಡುತ್ತಿದ್ದರು. ಒಂದು ದಿನ ಭಾವ ಬಡಾಯಿ ಕೊಚ್ಚುತ್ತ ಕೊಚ್ಚುತ್ತ ಗಿರಾಕಿಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಇಂಜಿನ್ ಎಣ್ಣೆ ಸುರಿದ. ಒಳಗಿನ ಕ್ಲಚ್ ಪ್ಲೇಟು ಸುಟ್ಟು ಕರಕಲಾಯಿತು. ಕಾರಿನ ಯಜಮಾನ ಬಂದು ಎಗರಾಡಿದಾಗ ಭಾವ ಕಣ್ಣು ಮಿಟುಕಿಸದೆ, "ನಮ್ ತಮ್ಮನ ಹೆಂಡ್ತಿ ಸುರಿದಿದ್ದು ಸ್ವಾಮಿ" ಅಂದುಬಿಟ್ಟ. ಪ್ಲೇಟು ಮೊಳೆ ಹತ್ತಿತು. ಕೆಳಗೆ 'ಸುಟ್ಟಕ್ಕ' ಅಂತ ಬರಹ. ವಾರ ಕಳೆಯಿತು, ತಿಂಗಳು ಕಳೆಯಿತು, ಇಳಿಯಲಿಲ್ಲ.

ಅವಳು ಹೊರಗೆ ನಡೆದಳು. ಗಂಡ ಊಟದ ಡಬ್ಬಿ ಹಿಡಿದುಕೊಂಡು ಹಿಂದೆ ನಡೆದ. ಗ್ಯಾರೇಜಿಗೆ ಸರಿ ಎದುರಿಗೇ ಟೈರಿನ ಅಂಗಡಿ ಹಾಕಿದಳು. ಅಂಗಡಿಗೆ ಅವಳು ತಂದ ಮೊದಲ ಸಾಮಾನು ಟೈರಲ್ಲ, ನಾಲ್ಕಿಂಚಿನ ಒಂದು ಮೊಳೆ. ತಂದು ಮೇಜಿನ ಡ್ರಾಯರಿನಲ್ಲಿ ಇಟ್ಟಳು.

ಊರಿಗೆ ಊರೇ ಸುಟ್ಟಕ್ಕ ಅನ್ನತೊಡಗಿತು. ಹೋಗಲಿ ಅಂದರೆ, ಮಗಳ ಶಾಲೆಯಲ್ಲಿ ಮೇಷ್ಟರು ಕೂಡ "ಸುಟ್ಟಕ್ಕನ ಮಗಳು ಎದ್ದು ನಿಲ್ಲು" ಅಂದರು. ಮಗಳು ಮೂರು ದಿನ ಶಾಲೆಗೆ ಹೋಗಲಿಲ್ಲ. ಅವತ್ತು ಅವಳು ಡ್ರಾಯರ್ ತೆಗೆದು ಮೊಳೆಗೆ ಎಣ್ಣೆ ಹಚ್ಚಿ ಮತ್ತೆ ಒಳಗಿಟ್ಟಳು. ತುಕ್ಕು ಹಿಡಿಯಬಾರದಲ್ಲ.

ಭಾವನ ಹತ್ತಿರ ಅವರಪ್ಪನ ಕಾಲದ ಒಂದು ಕಾರಿತ್ತು. ಗೇರ್ ತಾನೇ ಬದಲಾಗುವ ಗಾಡಿ, ನಾಲ್ಕು ಚಕ್ರವೂ ಎಳೆಯುವ ಗಾಡಿ. ಅದರ ಮುಂದಿನ ಎರಡು ಟೈರು ಸವೆದು ಬೋಳು ತಲೆಯಾದವು. ರಸ್ತೆ ದಾಟಿದರೆ ತಮ್ಮನ ಹೆಂಡತಿಯ ಅಂಗಡಿ. ದಾಟಿದರೆ ಮರ್ಯಾದೆ ಹೋಗುತ್ತದಲ್ಲ! ಊರಾಚೆಯ ಗುಜರಿಗೆ ಹೋಗಿ ಎರಡು ಟೈರು ಹಾಕಿಸಿಕೊಂಡು ಬಂದ.

ಸುಟ್ಟಕ್ಕನ ಕಣ್ಣು ಸಾಮಾನ್ಯದ್ದಲ್ಲ. ಓಡುವ ಲಾರಿಯ ಟೈರಿನ ನಂಬರು ಓದಿ, ಅದರಲ್ಲಿ ಎಷ್ಟು ಗಾಳಿಯಿದೆ ಅಂತಲೂ ಹೇಳುತ್ತಿದ್ದಳು. ಹಿಂದಿನ ಟೈರಿನ ಮೇಲೆ ಅರವತ್ತೈದು ಅಂತಿತ್ತು, ಮುಂದಿನದರ ಮೇಲೆ ಐವತ್ತೈದು. ಅಂದರೆ ಮುಂದಿನದು ಎತ್ತರದಲ್ಲಿ ಎರಡು ಬೆರಳಷ್ಟು ಗಿಡ್ಡ.

"ಆಹಾ," ಅಂದಳು.

"ಏನೇ ಅದು?" ಅಂದ ಗಂಡ. ಅವನು ಗಾಳಿ ತುಂಬುವ ಪೈಪು ಸುತ್ತುತ್ತಿದ್ದ.

"ಇಬ್ರು ಉದ್ದ ಕಾಲಿನೋರು, ಇಬ್ರು ಗಿಡ್ಡ ಕಾಲಿನೋರು ಸೇರಿ ಒಂದೇ ಮಂಚ ಹೊತ್ತ ಹಾಗಾಯ್ತು. ಚಿಕ್ಕ ಚಕ್ರ ಜಾಸ್ತಿ ಸುತ್ತುತ್ತೆ, ದೊಡ್ಡದು ಕಮ್ಮಿ. ಹಿಂದೆ ಮುಂದೆ ಸೇರಿಸೋ ಮಧ್ಯದ ಕ್ಲಚ್ಚು ಅದನ್ನ ಸರಿದೂಗಿಸಿ ಸರಿದೂಗಿಸಿ ಸಾಯುತ್ತೆ. ಮೂರೇ ತಿಂಗಳು. ಆಮೇಲೆ ನಿಮ್ಮಣ್ಣ ಗೇರ್‌ಬಾಕ್ಸ್ ಕೆಟ್ಟಿದೆ ಅಂತ ತಲೆ ಚಚ್ಕೋತಾರೆ."

"ಹೇಳ್ಬಿಡೆ ಪಾಪ."

"ನಿಮ್ಮಣ್ಣ ಕೇಳಿದ್ರಾ?"

"ಇಲ್ಲ."

"ಮತ್ತೆ? ಪೈಪ್ ಸುತ್ರೀ ಸುಮ್ನೆ."

ಮೂರು ತಿಂಗಳಿಗೆ ಸರಿಯಾಗಿ ಕಾರು ಜಗ್ಗತೊಡಗಿತು. ತಿರುವಿನಲ್ಲಂತೂ ಕೇಳಬೇಡಿ. ಒಂದು ಸಲ ಹಿಂದಿನ ಸೀಟಿನಲ್ಲಿದ್ದ ಮುದುಕರೊಬ್ಬರ ಹಲ್ಲಿನ ಸೆಟ್ಟು ಹಾರಿಹೋಗಿ ಮುಂದಿನ ಕನ್ನಡಿಗೆ ಕಚ್ಚಿಕೊಂಡಿತಂತೆ. ಭಾವ ಗೇರ್‌ಬಾಕ್ಸ್ ಇಳಿಸಿದ, ಬಿಚ್ಚಿದ, ಜೋಡಿಸಿದ. ಜಗ್ಗಿತು. ಇನ್ನೊಮ್ಮೆ ಬಿಚ್ಚಿ ಎಣ್ಣೆ ಬದಲಾಯಿಸಿದ. ಇನ್ನೂ ಜೋರಾಗಿ ಜಗ್ಗಿತು. ಈ ಕಡೆ ಸುಟ್ಟಕ್ಕ ಕುರ್ಚಿಯನ್ನು ಬಾಗಿಲಿಗೆ ಹಾಕಿಕೊಂಡು ನೋಡುತ್ತಿದ್ದಳು. ಆ ಸುಖಕ್ಕೇ ಮೂರು ಕೆಜಿ ದಪ್ಪಗಾದಳು.

ಅಷ್ಟರಲ್ಲಿ ಸುದ್ದಿ ಬಂತು. ಟ್ಯಾಕ್ಸಿ ಕಂಪನಿಯೊಂದರ ಮ್ಯಾನೇಜರ್ ಸೋಮವಾರ ಬರುತ್ತಾನೆ, ನಲವತ್ತು ಕಾರಿನ ರಿಪೇರಿ ಕೆಲಸ ಭಾವನಿಗೇ ಕೊಡುವ ಮನಸ್ಸಿದೆ, ಆದರೆ ಮೊದಲು ಭಾವನ ಸ್ವಂತ ಕಾರಿನಲ್ಲಿ ಒಂದು ಸುತ್ತು ಕೂತು ನೋಡಬೇಕಂತೆ.

ಶನಿವಾರ ಬೆಳಿಗ್ಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಭಾವ ಕಾರು ಸಮೇತ ರಸ್ತೆ ದಾಟಿ ಬಂದ.

"ಏನಮ್ಮಾ, ವ್ಯಾಪಾರ ಹೇಗೆ?"

"ನಿಮ್ಮ ಆಶೀರ್ವಾದ ಭಾವ. ನೀವಿಟ್ಟ ಹೆಸರಲ್ಲೇ ನಡೀತಿದೆ."

ಭಾವ ಕೆಮ್ಮುತ್ತ ಬಾನೆಟ್ ಎತ್ತಿದ. ಅವಳು ಗೇರ್‌ಬಾಕ್ಸಿನ ಎಣ್ಣೆ ಕಡ್ಡಿ ಎಳೆದು, ಬಿಳಿ ಕಾಗದಕ್ಕೆ ಒರೆಸಿ, ಮೂಸಿ ನೋಡಿದಳು.

"ಎಣ್ಣೆ ಕೆಂಪಗಿದೆ. ಸುಟ್ಟ ವಾಸನೆ ಇಲ್ಲ. ಆ ವಾಸನೆ ನಂಗೆ ಚೆನ್ನಾಗ್ ಗೊತ್ತು, ನೀವೇ ಕಲಿಸಿದ್ದು. ಗೇರ್‌ಬಾಕ್ಸಲ್ಲಿ ರೋಗ ಇಲ್ಲ ಭಾವ."

"ಮತ್ತೆಲ್ಲಿದೆ?"

"ಗೊತ್ತು."

"ಗೊತ್ತಿದ್ರೆ ಹೇಳು!"

"ನಿಮ್ಮ ಗೋಡೆ ಮೇಲಿರೋ ಪ್ಲೇಟು ಕಿತ್ಕೊಂಡ್ಬನ್ನಿ. ಆ ಎಣ್ಣೆ ಸುರಿದೋರು ಯಾರು ಅಂತ ನಾಲ್ಕು ಜನರ ಮುಂದೆ ಹೇಳಿ. ಆಮೇಲೆ ಹೇಳ್ತೀನಿ."

ಭಾವನ ಮುಖ ಕೆಂಡದ ಹಾಗಾಯಿತು. "ಟೈರ್ ಮಾರೋಳ ಹತ್ರ ನಾನು ಗೇರ್‌ಬಾಕ್ಸ್ ಪಾಠ ಕೇಳ್ಬೇಕಾ?" ಅಂತ ಕಾರನ್ನು ಜಗ್ಗಿಸಿಕೊಂಡೇ ವಾಪಸು ಹೋದ. ಭಾನುವಾರ ಇಡೀ ದಿನ ಮೂರನೇ ಸಲ ಬಿಚ್ಚಿ ಜೋಡಿಸಿದ.

ಗಂಡನಿಗೆ ತಡೆಯಲಾಗಲಿಲ್ಲ. "ನಾಳೆ ಮರ್ಯಾದೆ ಹೋಗುತ್ತೆ ಕಣೆ ಅವನ್ದು."

"ನನ್ದು ಹೋಗಿ ಹನ್ನೊಂದು ವರ್ಷ ಆಯ್ತು. ಒಂಟಿಯಾಗಿ ಹೋಗಿದೆ, ಬೇಜಾರಾಗಿರುತ್ತೆ ಅದಕ್ಕೆ. ಜೊತೆಗಿರ್ಲಿ."

ಸೋಮವಾರ ಮ್ಯಾನೇಜರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮುಂದೆ ಕೂತ. ಕಾರು ಗೇಟು ದಾಟಿತು. ಭಾವ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ. ಗಾಡಿ ಹಠ ಹಿಡಿದ ಕೋಣದ ಹಾಗೆ ನಾಲ್ಕು ಸಲ ಕುಪ್ಪಳಿಸಿ, ನಡುರಸ್ತೆಯಲ್ಲಿ ಅಡ್ಡಡ್ಡ ನಿಂತುಬಿಟ್ಟಿತು. ನಿಂತದ್ದೂ ಎಲ್ಲಿ? ಸುಟ್ಟಕ್ಕನ ಬಾಗಿಲಿಗೆ ನೇರವಾಗಿ! ಆ ಕಡೆ ಬಸ್ಸು, ಈ ಕಡೆ ಲಾರಿ, ಹಾರ್ನೋ ಹಾರ್ನು. ಮ್ಯಾನೇಜರ್ ಇಳಿದು ಗಡಿಯಾರ ನೋಡಿದ.

ಭಾವ ಅವಳನ್ನು ನೋಡಿದ. ಅವಳು ಕಾಲ ಮೇಲೆ ಕಾಲು ಹಾಕಿದಳು.

ಭಾವ ಗ್ಯಾರೇಜಿಗೆ ಓಡಿದ. ಬರುವಾಗ ಕೈಯಲ್ಲಿ ಧೂಳು ಹಿಡಿದ ಕರಿ ಪ್ಲೇಟು.

"ಅವತ್ತು ಎಣ್ಣೆ ಸುರಿದಿದ್ದು ನಾನು," ಅಂದ ಗಂಟಲಲ್ಲೇ.

"ಹಾರ್ನ್ ಗಲಾಟೆ ಭಾವ, ಕೇಳಿಸ್ಲಿಲ್ಲ."

"ನಾನೇ ಸುರಿದಿದ್ದು! ಇವಳ ಮೇಲೆ ಹಾಕಿದ್ದು ಸುಳ್ಳು!" ಹಾರ್ನೆಲ್ಲ ಒಟ್ಟಿಗೆ ನಿಂತವು. ಬಸ್ಸಿನವರು ಕಿಟಕಿಗೆ ಬಂದರು.

ಸುಟ್ಟಕ್ಕ ಎದ್ದಳು. ಮುಂದಿನ ಟೈರಿಗೆ, ಹಿಂದಿನ ಟೈರಿಗೆ, ಎರಡಕ್ಕೂ ನೆಲ ಮುಟ್ಟುವ ಕಡೆ ಸೀಮೆಸುಣ್ಣದ ಗೆರೆ ಎಳೆದಳು. "ಗೇರ್ ಬಿಡಿಸಿ ಮೆತ್ತಗೆ ತಳ್ಳಿ" ಅಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಗೆರೆ ನೆಲ ಮುಟ್ಟಿದರೆ ಮುಂದಿನ ಗೆರೆ ಆಗಲೇ ಮುಟ್ಟಿ ಮೇಲೇರಿತ್ತು. ಮ್ಯಾನೇಜರ್ ಬಗ್ಗಿ ನೋಡಿ, "ಓಹೋ, ಟೈರಾ!" ಅಂದ. ಭಾವ ಬಗ್ಗಲಿಲ್ಲ. ಅವನಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು.

ನಾಲ್ಕೂ ಒಂದೇ ನಂಬರಿನ, ಒಂದೇ ಕಂಪನಿಯ ಹೊಸ ಟೈರು ಹಾಕಿದಳು. ಒಳಗಿನ ಕ್ಲಚ್ಚು ಏದುಸಿರು ಬಿಡುತ್ತಿತ್ತೇ ಹೊರತು ಸತ್ತಿರಲಿಲ್ಲ. ಕಾರು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ತಿರುಗಿತು. ಸುತ್ತು ಮುಗಿಸಿ ಬಂದ ಮ್ಯಾನೇಜರ್ ಭಾವನಿಗೆ, "ಕೆಲಸ ನಿಮಗೇ. ಆದ್ರೆ ಯಾವ ಕಾರಿನ ಗೇರ್‌ಬಾಕ್ಸ್ ಬಿಚ್ಚೋಕೂ ಮೊದಲು ಈಯಮ್ಮ ನೋಡ್ಬೇಕು" ಅಂತ ಹೇಳಿ ಹೋದ.

ಭಾವ ಹೊರಡಲು ತಿರುಗಿದ.

"ಒಂದ್ನಿಮಿಷ ಭಾವ."

ಡ್ರಾಯರ್ ಎಳೆದ ಸದ್ದು ಕೇಳಿ ಗಂಡ ಪೈಪು ಕೆಳಗಿಟ್ಟ. ಅವಳು ನಾಲ್ಕಿಂಚಿನ ಮೊಳೆಯನ್ನೂ ಸುತ್ತಿಗೆಯನ್ನೂ ಭಾವನ ಕೈಗೆ ಕೊಟ್ಟು, ಬಿಚ್ಚಿಟ್ಟ ಗಿಡ್ಡ ಟೈರೊಂದನ್ನು ಅವನ ಕಾಲ ಬುಡಕ್ಕೆ ಉರುಳಿಸಿದಳು.

ಭಾವ ಏಣಿ ಹತ್ತಿ ಅಂಗಡಿಯ ಮುಂಗೋಡೆಗೆ ಮೊಳೆ ಹಿಡಿದ. "ಇಲ್ಲಿ ಸಾಕಾ?"

"ಇನ್ನೂ ಮೇಲೆ ಭಾವ. ನಿಮ್ಮ ಟೀ ಮೇಜಿಂದ ಕಾಣ್ಬೇಕು."